ತೇಪೆ ಹಾಕಿದ ದನಿ

ನಮ್ಮ ಕಡೆ ಫೋನಿನಲ್ಲಿ ಯಾರೂ ಕಷ್ಟ ಹೇಳುವುದಿಲ್ಲ. ಕಾಲು ಮುರಿದುಕೊಂಡು ಬಿದ್ದವನೂ “ಆರಾಮ ಅದೀನಿ, ನೀವು ಆರಾಮ?” ಎನ್ನುತ್ತಾನೆ. ಸತ್ತ ಸುದ್ದಿಯನ್ನಂತೂ ಹೇಳುವುದೇ ಇಲ್ಲ. “ಸ್ವಲ್ಪ ಸೀರಿಯಸ್ ಐತಿ, ಲಗೂನ ಬಂದು ಹೋಗ್ರಿ” ಎನ್ನುತ್ತಾರೆ. ಕೇಳಿದವರು ಬಸ್ಸು ಹತ್ತುವ ಮೊದಲೇ ಹೂವಿನ ಹಾರ ಕೊಂಡಿರುತ್ತಾರೆ. ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು, ಹಾಗಾಗಿ ಈ ರೂಢಿಯಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಇದನ್ನೇ ಒಂದು ಯಂತ್ರ ಕಲಿತರೆ ಏನಾದೀತು ಎಂದು ನಮ್ಮ ಇಲಾಖೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಆ ಯಂತ್ರ ಮಾಡಿದವರಲ್ಲಿ ನಾನೂ ಒಬ್ಬಳು.

ನನ್ನ ಹೆಸರು ನೀಲಗಂಗಾ. ನಾಗರವಾಡದ ಕಂಟ್ರೋಲ್ ರೂಮಿನಲ್ಲಿ ಎಂಜಿನಿಯರು. ನದಿಯ ನೀರನ್ನು ಎತ್ತಿ ಮೇಲಿನ ಒಣ ಸೀಮೆಯ ಊರುಗಳಿಗೆ ಮುಟ್ಟಿಸುವ ದೊಡ್ಡ ಕೊಳವೆ ನಮ್ಮದು. ದಾರಿಯಲ್ಲಿ ನಾಲ್ಕು ಪಂಪ್‌ಹೌಸು. ಮೊದಲಿನದು ನದಿಯ ದಂಡೆಯಲ್ಲಿದೆ, ಕೊನೆಯದು ಕರಿಗುಡ್ಡದ ನೆತ್ತಿಯಲ್ಲಿ. ಒಂದೊಂದರಲ್ಲೂ ಒಬ್ಬೊಬ್ಬ ಆಪರೇಟರ್ ಅಲ್ಲೇ ಇದ್ದು ನೋಡಿಕೊಳ್ಳುತ್ತಾನೆ. ಪಂಪುಗಳನ್ನು ಓಡಿಸುವುದು ಮಾತ್ರ ನಾವು, ದೂರದಿಂದ. ಕೊಳವೆಯೊಳಗೆ ಓಡುವ ನೀರು ಮಹಾ ಸಿಟ್ಟಿನದು. ಒಮ್ಮೆಲೇ ತಡೆದರೆ ಹೋರಿಯ ಹಾಗೆ ಹಾಯುತ್ತದೆ, ಉಕ್ಕಿನ ಕೊಳವೆಯೂ ಸೀಳುತ್ತದೆ. ಆದ್ದರಿಂದ ಒಂದು ಪಂಪು ತುಸು ನಿಧಾನವಾದರೂ ಉಳಿದ ಮೂರಕ್ಕೆ ಕೂಡಲೇ ಗೊತ್ತಾಗಬೇಕು. ಗೊತ್ತಾಗುವುದು ಗಾಳಿಯಲ್ಲಿ ಹೋಗಿಬರುವ ರೇಡಿಯೋ ಸಂದೇಶಗಳಿಂದ.

ಆ ವರ್ಷಗಳಲ್ಲಿ ಗಾಳಿಯನ್ನು ನಂಬುವ ಹಾಗಿರಲಿಲ್ಲ. ಯಾರೋ ಎಲ್ಲೋ ಕುಳಿತು ಸಂದೇಶದ ದಾರಿಯಲ್ಲಿ ಬೇಕೆಂತಲೇ ಗದ್ದಲ ಎಬ್ಬಿಸುತ್ತಿದ್ದರು. ಯಾಕೆಂದು ಕೊನೆಗೂ ತಿಳಿಯಲಿಲ್ಲ. ಕೆಡಿಸುವವರಿಗೆ ಕಾರಣ ಬೇಕೇ? ಕಳಿಸಿದ ಸಂದೇಶಗಳಲ್ಲಿ ಅರ್ಧ ಮುಟ್ಟುತ್ತಿದ್ದವು, ಅರ್ಧ ದಾರಿಯಲ್ಲೇ ಸಾಯುತ್ತಿದ್ದವು. ಅದಕ್ಕೆಂದು ನಾವು ‘ಅಂತರಪೂರಕ’ ಮಾಡಿದೆವು. ಅಷ್ಟುದ್ದದ ಹೆಸರು ಯಾರ ನಾಲಿಗೆಯ ಮೇಲೆ ನಿಂತೀತು? ಎಲ್ಲರೂ ಅದನ್ನು ತೇಪೆ ಎಂದರು. ನೀರು ಅಳೆಯುವ ಮೀಟರಿನ ಸಂದೇಶ ಬರದೇ ಹೋದರೆ, ಹಿಂದಿನ ಲೆಕ್ಕ ನೋಡಿ, ನಾವು ಪಂಪಿಗೆ ಕೊಟ್ಟ ಆಜ್ಞೆ ನೋಡಿ, ಈಗ ನೀರು ಇಷ್ಟಿರಬೇಕು ಎಂದು ಅದು ಊಹಿಸಿ ಹರಿದಲ್ಲಿ ಹೊಲಿಯುತ್ತಿತ್ತು. ಪರದೆಯ ಮೇಲೆ ಹಸಿರು ದೀಪ ಇದ್ದರೆ ನಿಜವಾದ ಲೆಕ್ಕ, ಹಳದಿ ಇದ್ದರೆ ತೇಪೆಯ ಊಹೆ. ಅದು ಬಂದ ಮೇಲೆ ಬಹಳ ದಿನ ಕೊಳವೆ ಒಂದು ಸಲವೂ ಒಡೆಯಲಿಲ್ಲ. ನಮಗೆ ಹೆಮ್ಮೆಯೋ ಹೆಮ್ಮೆ.

ಆಮೇಲೆ ಅದನ್ನೇ ಪಂಪ್‌ಹೌಸಿನ ಫೋನಿಗೂ ಹಾಕಿದರು. ಆಪರೇಟರುಗಳು ಮನೆಯವರ ಜೊತೆ ಮಾತನಾಡುವಾಗ ಅದೇ ಗಾಳಿಯ ಗದ್ದಲದಿಂದ ಮಾತು ತುಂಡುತುಂಡಾಗಿ ಕೇಳುತ್ತಿತ್ತು. ತೇಪೆ ಆ ತುಂಡುಗಳ ನಡುವಿನ ಶಬ್ದವನ್ನು ಅವರದೇ ದನಿಯಲ್ಲಿ ತುಂಬತೊಡಗಿತು. ಮೊದಲು ಒಂದು ಅಕ್ಷರ, ಆಮೇಲೆ ಒಂದು ಶಬ್ದ, ಬರಬರುತ್ತ ಇಡೀ ವಾಕ್ಯ. ತುಂಬಿದಾಗ ಒಂದು ಪೀಂ ಸದ್ದು ಬರಲಿ ಎಂದು ನಾವು ಹೇಳಿದೆವು. ನಮ್ಮ ಮೇಲಧಿಕಾರಿ ಇನಾಮದಾರ ಸಾಹೇಬರು, “ಮಾತಿನ ನಡಕ ಪೀಂ ಅಂದ್ರ ಮಂದಿ ಗಾಬರಿ ಆಗ್ತಾರ್ರಿ” ಎಂದು ತೆಗೆಸಿಬಿಟ್ಟರು.

ಕರಿಗುಡ್ಡದ ಆಪರೇಟರ್ ನನ್ನ ಗಂಡ, ಸಂಗನಬಸು. ಅವರ ಬಾಯಿಯನ್ನು ಬಲ್ಲವರೇ ಬಲ್ಲರು. ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಇಡೀ ಓಣಿಗೆ ತಿಳಿಯುತ್ತಿತ್ತು. ಇನಾಮದಾರ ಸಾಹೇಬರಿಗೇ ಎದುರು ನಿಂತು, “ನಿಮಗ ಪಂಪಿನ ಗಂಧಗಾಳಿ ಗೊತ್ತಿಲ್ಲ” ಎಂದಿದ್ದರಿಂದಲೇ ಅವರಿಗೆ ಆ ಗುಡ್ಡದ ವನವಾಸ ಸಿಕ್ಕಿದ್ದು. ನಾನೇನೂ ಕಮ್ಮಿಯಲ್ಲ, ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ. ಅವರು ಹೋದ ಮೇಲೆ ಕ್ವಾರ್ಟರ್ಸಿನಲ್ಲಿ ನಾನೊಬ್ಬಳೇ ಉಳಿದೆ. ಮಕ್ಕಳಿಲ್ಲ. ಒಂದು ರೊಟ್ಟಿ ಬಡಿಯಲು ಒಲೆ ಹೊತ್ತಿಸಬೇಕೇ ಎಂದು ಎಷ್ಟೋ ದಿನ ಶೇಂಗಾ ಹಿಂಡಿ, ತಂಗಳ ರೊಟ್ಟಿಯಲ್ಲೇ ಕಳೆದೆ. ಜಗಳಕ್ಕೂ ಒಬ್ಬರು ಬೇಕು ಎಂಬುದು ಒಬ್ಬಳೇ ಕೂತಾಗ ಗೊತ್ತಾಗುತ್ತದೆ.

ದಿನಾ ಸಂಜೆ ಊಟದ ಹೊತ್ತಿಗೆ ಫೋನನ್ನು ರೊಟ್ಟಿ ಬುಟ್ಟಿಗೆ ಆನಿಸಿಟ್ಟು ಕರೆ ಮಾಡುತ್ತಿದ್ದೆ. ಅಲ್ಲಿ ಪಂಪು ಕೂರಿಸಿದ ಆಳವಾದ ಒಣ ಬಾವಿಯೊಳಗೆ, ಗೋಡೆಯ ಮೇಲೆ ಸ್ಪೀಕರ್ ಇತ್ತು. ಕೈಗೆ ಎಣ್ಣೆ ಮೆತ್ತಿಕೊಂಡವರಿಗೆ ಫೋನು ಹಿಡಿಯಲಾಗುವುದಿಲ್ಲ ಎಂದು ಕರೆ ತಾನಾಗಿಯೇ ಹತ್ತುತ್ತಿತ್ತು. ಶುರುವಿನಲ್ಲಿ ಬರೀ ಬೈಗುಳ. ಗುಡ್ಡಕ್ಕೆ ಬೈಯುವರು, ಸಾಹೇಬರಿಗೆ ಬೈಯುವರು, ನಾನು ಕಳಿಸಿದ ಚಟ್ನಿಪುಡಿಗೂ ಬೈಯುವರು. ಬರಬರುತ್ತ ಮಾತು ಮೆತ್ತಗಾಯಿತು. “ಉಂಡೇನು?” ಎಂದು ಕೇಳತೊಡಗಿದರು. “ಮಳಿಗಾಳಿ ಐತಿ, ಬಾಗಲಾ ಹಾಕ್ಕೊಂಡು ಮಲಕೋ” ಎನ್ನುವರು. ದೂರ ಇದ್ದರೆ ಮನುಷ್ಯ ಹಣ್ಣಾಗುತ್ತಾನೆ ಎಂದುಕೊಂಡೆ. ಸಂಜೆ ಆಗುವುದನ್ನೇ ಕಾಯುವ ಹಾಗಾಯಿತು. ಅದೇ ತಿಂಗಳುಗಳಲ್ಲಿ ಗಾಳಿಯ ಗದ್ದಲವೂ ಹೆಚ್ಚಾಗಿತ್ತು. ಎರಡನ್ನೂ ಕೂಡಿಸಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ, ಹೊಳೆಯುವುದು ಬೇಕಿರಲೂ ಇಲ್ಲ.

ಅಂಥದ್ದರಲ್ಲಿ ಒಂದು ದಿನ ನನ್ನ ಮೈದುನ ಈರಪ್ಪ ಮನೆಗೆ ಬಂದ. ಅಣ್ಣ ತಮ್ಮಂದಿರಿಗೆ ಹೊಲದ ಬದುವಿನ ಜಗಳ, ವರ್ಷಗಟ್ಟಲೆ ಮಾತಿಲ್ಲ. ಅವನ ಹೆಸರೆತ್ತಿದರೆ ನಮ್ಮವರು ಉಂಡ ತಾಟು ಸರಿಸಿ ಎದ್ದುಬಿಡುತ್ತಿದ್ದರು. ಈರಪ್ಪನ ಹೆಂಡತಿಗೆ ದಿನ ತುಂಬಿತ್ತು, ಓಡಾಡಲು ಗಾಡಿ ಬೇಕಿತ್ತು. “ಅಣ್ಣನ ಗಾಡಿ ಸುಮ್ನ ನಿಂತೈತಲ್ಲ ವೈನಿ” ಎಂದ. ಇಲ್ಲ ಎನ್ನಲು ನನ್ನ ಕೈಲಾಗಲಿಲ್ಲ, ಕೀಲಿ ಕೊಟ್ಟೆ. ನಮ್ಮವರು ಆ ಮೋಟರ್ ಸೈಕಲ್ಲನ್ನು ನನಗೂ ಮುಟ್ಟಗೊಡುತ್ತಿರಲಿಲ್ಲ.

ಸಂಜೆ ಧೈರ್ಯ ಮಾಡಿ ಹೇಳಿದೆ.

“ಏನ್ರಿ, ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ.”

“ಹೇಳು. ನಿನ್ನ ಮ್ಯಾಲೆ ನನಗೆಂಥಾ ಸಿಟ್ಟು?”

“ಈರಪ್ಪ ಬಂದಿದ್ದ. ನಿಮ್ಮ ಗಾಡಿ ಕೊಟ್ಟ ಕಳಿಸೀನಿ.”

“ಆಗಲಿ ಬಿಡು. ತಮ್ಮ ಅಲ್ಲೇನು? ಆಯ್ತು, ನೀ ಉಂಡೇನು?”

ನನಗೆ ನಗು ಬಂತು, ನಗುನಗುತ್ತಲೇ ಅಳು ಬಂತು. ಆ ಸಂಜೆ ನಾನು ಮಾತನಾಡಿದಷ್ಟು ಮದುವೆಯಾದಾಗಿನಿಂದ ಮಾತನಾಡಿರಲಿಲ್ಲ. ಒಬ್ಬಳೇ ಇದ್ದು ಎಷ್ಟು ಬೇಸರ ಎಂದು ಹೇಳಿದೆ. ಅವರ ಅಂಗಿಯನ್ನು ಒಗೆದದ್ದನ್ನೇ ಮತ್ತೆ ಒಗೆದು ಹಗ್ಗಕ್ಕೆ ಹಾಕುತ್ತೇನೆ, ಓಣಿಯವರಿಗೆ ಮನೆಯಲ್ಲಿ ಗಂಡಸು ಇದ್ದಾನೆ ಅನಿಸಲಿ ಎಂದು, ಅದನ್ನೂ ಹೇಳಿದೆ. “ನೀವು ಮೊದಲಿಂದನೂ ಹಿಂಗ ಮಾತಾಡಿದ್ರ ನಾ ಎಷ್ಟ ಸುಖದಾಗ ಇರ್ತಿದ್ದೆ” ಎಂದೂ ಹೇಳಿದೆ. ಅವರು, “ಆಗಿದ್ದಾತು, ಇನ್ನ ಮ್ಯಾಲೆ ಚಂದಂಗ ಇರೂಣು” ಎಂದರು. ಅಂದು ನಾನು ತುಂಬ ಸಂತೋಷದಿಂದ ಮಲಗಿದೆ.

ಮರುದಿನ ಬೆಳಗ್ಗೆ ಕಂಟ್ರೋಲ್ ರೂಮಿಗೆ ಹೋದಾಗ ನಾಲ್ಕನೆಯ ಪಂಪ್‌ಹೌಸಿನ ದೀಪ ಹಳದಿ ಇತ್ತು. ಹಿಂದಿನ ದಿನವೂ ಹಳದಿಯೇ ಇತ್ತು. ಪಾಳಿಯವನನ್ನು ಕೇಳಿದೆ. “ನಿಯಮದ ಪ್ರಕಾರ ಫೋನ್ ಮಾಡಿ ಕೇಳೀವ್ರಿ ಮೇಡಂ. ಸಂಗನಬಸಣ್ಣ ಎಲ್ಲಾ ಆರಾಮ ಐತಿ, ನೀರು ಮಾಮೂಲಿ ಐತಿ ಅಂದ್ರು” ಎಂದ. ಮೀಟರು ಕೈಕೊಟ್ಟರೆ ಆಪರೇಟರನ್ನು ಕೇಳಬೇಕು, ಇದು ನಮ್ಮ ನಿಯಮ. ಸರಿಯಾಗಿಯೇ ಮಾಡಿದ್ದ.

ನಮ್ಮ ಕಸುಬಿನಲ್ಲಿ ಚಿವುಟಿ ನೋಡುವುದು ಎಂದು ಒಂದಿದೆ. ಬರುತ್ತಿರುವ ಲೆಕ್ಕ ಜೀವಂತವೋ ಸುಳ್ಳೋ ಎಂಬ ಅನುಮಾನ ಬಂದರೆ ಪಂಪಿನ ವೇಗವನ್ನು ಒಂಚೂರು ಹೆಚ್ಚುಕಡಿಮೆ ಮಾಡಿ ಜಗ್ಗಬೇಕು. ಮೀಟರು ಬೆಚ್ಚಿದರೆ ಜೀವಂತ. ಜಗ್ಗಿದೆ. ಎಷ್ಟು ಬೆಚ್ಚಬೇಕೋ ಅಷ್ಟೇ ಬೆಚ್ಚಿತು. ಅದನ್ನು ನೋಡಿಯೂ ಸಮಾಧಾನ ಆಗಲಿಲ್ಲ. ನಾನು ಪಂಪಿಗೆ ಕೊಟ್ಟ ಆಜ್ಞೆ ತೇಪೆಗೂ ಗೊತ್ತು. ಗೊತ್ತಿರುವ ಕಡೆ ಚಿವುಟಿದರೆ ಅದೂ ‘ಅಯ್ಯೋ’ ಎನ್ನುತ್ತದೆ. ಅದಕ್ಕೆ ಗೊತ್ತಿಲ್ಲದ ಕಡೆ ಚಿವುಟಬೇಕು.

ಹಾಗೆ ನಾನು ನಿನ್ನೆ ಸಂಜೆಯೇ ಚಿವುಟಿದ್ದೆನಲ್ಲ. ಈರಪ್ಪನಿಗೆ ಗಾಡಿ ಕೊಟ್ಟೆ ಎಂದರೆ ಸಂಗನಬಸು ಎಂಬ ಮನುಷ್ಯ ಆಕಾಶ ಭೂಮಿ ಒಂದು ಮಾಡಬೇಕಿತ್ತು. ‘ಆಗಲಿ ಬಿಡು’ ಎಂದವನು ಸಂಗನಬಸು ಅಲ್ಲ. ಮೂರನೆಯ ಪಂಪ್‌ಹೌಸಿನ ಲೆಕ್ಕ ತೆಗೆದು ನೋಡಿದೆ, ಅದರ ದೀಪ ಹಸಿರು. ಅದರ ಮೇಲಿನ ಒತ್ತಡ ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇತ್ತು. ನೀರು ಹತ್ತಬೇಕಾದಷ್ಟು ಎತ್ತರ ಹತ್ತುತ್ತಿಲ್ಲ, ಮೇಲೆಲ್ಲೋ ಸೋರುತ್ತಿದೆ. ಕೊಳವೆಯ ಜೋಡಣೆ ಇರುವುದು ನಾಲ್ಕನೆಯ ಪಂಪಿನ ಬಾವಿಯೊಳಗೆ, ಸೋರುವುದೆಂದರೆ ಅಲ್ಲೇ. ಕೆಳಗಿನ ಮೂರು ಪಂಪುಗಳು ನಮ್ಮ ಆಜ್ಞೆಯಂತೆ ಆ ಬಾವಿಗೆ ನೀರು ನೂಕುತ್ತಲೇ ಇದ್ದವು.

ಇನಾಮದಾರ ಸಾಹೇಬರ ಬಳಿ ಓಡಿದೆ. ಲೈನ್ ಬಂದ್ ಮಾಡಬೇಕು ಎಂದೆ. ಒಮ್ಮೆ ಬಂದ್ ಮಾಡಿದರೆ ಮತ್ತೆ ತುಂಬಿಸಲು ವಾರ ಬೇಕು, ಅಲ್ಲಿಯವರೆಗೆ ಮೇಲಿನ ಊರುಗಳಿಗೆ ಕುಡಿಯುವ ನೀರಿಲ್ಲ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಒಬ್ಬ ಮನಷ್ಯಾ ಹೆಂಡ್ತಿ ಜೋಡಿ ಚಂದ ಮಾತಾಡಿದ ಅಂತ ಲೈನ್ ಬಂದ್ ಮಾಡಬೇಕೇನವಾ?”

“ಹೌದ್ರಿ ಸರ. ನಮ್ಮ ಮನಿಯವರು ಚಂದ ಮಾತಾಡ್ಯಾರ ಅಂದ್ರ ಅವರು ಅಲ್ಲಿಲ್ಲ ಅಂತನ ಅರ್ಥ.”

ಅಲ್ಲಿದ್ದವರು ನಕ್ಕರು. ಜೀಪಿನ ಡ್ರೈವರ್ ದಸ್ತಗೀರ ಮಾತ್ರ ನಗಲಿಲ್ಲ. ವಾರಕ್ಕೊಮ್ಮೆ ಗುಡ್ಡಕ್ಕೆ ಕಾಳುಕಡಿ ಮುಟ್ಟಿಸಿ, ಪ್ರತಿಸಲವೂ ನಮ್ಮವರಿಂದ ಬೈಸಿಕೊಂಡು ಬರುವವನು ಅವನು. “ಸಾಹೇಬ್ರ, ನೀವ ಒಂದ ಸಲ ಮಾತಾಡಿ ನೋಡ್ರಿ” ಎಂದ.

ಸಾಹೇಬರು ಫೋನು ಎತ್ತಿದರು. “ಏನ ಸಂಗನಬಸು, ಆರಾಮ?”

“ಆರಾಮ ಅದೀನ್ರಿ ಸಾಹೇಬ್ರ” ಎಂದಿತು ನಮ್ಮವರ ದನಿ. “ಎಲ್ಲಾ ತಮ್ಮ ಆಶೀರ್ವಾದ.”

ಸಾಹೇಬರ ಮುಖ ಸಣ್ಣದಾಯಿತು. ಫೋನನ್ನು ಮೆಲ್ಲಗೆ ಕೆಳಗಿಟ್ಟರು. “ಇಂವ ಹುಟ್ಟಿದಾಗಿಂದ ನನಗ ಸಾಹೇಬ್ರ ಅಂದಿಲ್ಲವಾ” ಎಂದರು. “ಬಂದ್ ಮಾಡು. ಆದ್ರ ನಿಧಾನಕ್ಕ ಮಾಡು.”

ನಿಧಾನಕ್ಕೆ ಎಂದು ಅವರು ಹೇಳಬೇಕಿರಲಿಲ್ಲ. ಒಮ್ಮೆಲೇ ನಿಲ್ಲಿಸಿದರೆ ನೀರು ಹಾಯುವುದು ಆಗಲೇ ಒಡೆದ ಜಾಗಕ್ಕೆ, ನಮ್ಮವರು ಇರುವಲ್ಲಿಗೆ. ನಿಧಾನ ಮಾಡಿದಷ್ಟೂ ಬಾವಿ ತುಂಬುತ್ತದೆ. ಅತ್ತ ದರಿ ಇತ್ತ ಪುಲಿ. ಕಳಿಸಿದ ಆಜ್ಞೆಗಳಲ್ಲೂ ಅರ್ಧ ದಾರಿಯಲ್ಲೇ ಸಾಯುತ್ತವೆ. ಅದಕ್ಕೆ ಒಂದೊಂದು ಸಂದೇಶದಲ್ಲೂ ಮುಂದಿನ ಹೆಜ್ಜೆಗಳನ್ನೆಲ್ಲ ಒಟ್ಟಿಗೇ ಕಟ್ಟಿ ಕಳಿಸಿದೆ, ದೂರದ ಊರಿಗೆ ಹೋಗುವವರಿಗೆ ಬುತ್ತಿ ಕಟ್ಟುವ ಹಾಗೆ. ಮುಂದಿನ ಸಂದೇಶ ಮುಟ್ಟದಿದ್ದರೂ ಪಂಪು ಕೈಯಲ್ಲಿರುವ ಬುತ್ತಿ ಬಿಚ್ಚಿಕೊಂಡು ಸರಿಯಾದ ವೇಗಕ್ಕೆ ಇಳಿಯುತ್ತಾ ಹೋಗುತ್ತದೆ. ನದಿಯ ದಂಡೆಯ ಪಂಪು ಇಳಿಯಿತು, ಎರಡನೆಯದು ಇಳಿಯಿತು. ಮೂರನೆಯದು ತಡೆತಡೆದು ಇಳಿಯಿತು. ನಾಲ್ಕನೆಯದು ಇಳಿಯಿತೋ ಇಲ್ಲವೋ ನೋಡುವ ದಾರಿಯಿರಲಿಲ್ಲ. ಅಲ್ಲಿ ಹಳದಿ ದೀಪ, ತೇಪೆಯ ಮಾತು.

ನಡುವೆ ಒಮ್ಮೆ ಫೋನಿನಲ್ಲಿ, “ಏನ್ರಿ, ನೀರು ಇಳಸಾಕತ್ತೀನಿ, ಧೈರ್ಯ ತಗೋರಿ, ಬರಾಕತ್ತೀನಿ” ಎಂದೆ. ಅಲ್ಲಿಂದ ಬರುವ ದಾರಿ ಸತ್ತಿದ್ದರೂ ಅಲ್ಲಿಗೆ ಹೋಗುವ ದಾರಿ ಬದುಕಿರಬಹುದು ಎಂಬ ಆಸೆ. “ಅವಸರ ಮಾಡಬ್ಯಾಡ, ಉಂಡು ಬಾ” ಎಂದಿತು ಅದು. ಅದೇ ದನಿ, ಅದೇ ಅಕ್ಕರೆ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕಡೆಯ ಸ್ಪೀಕರಿನ ವಾಯರನ್ನು ಕಿತ್ತು ಬಿಸಾಕಿದೆ.

ಕರಿಗುಡ್ಡದ ದಾರಿಯಲ್ಲಿ ದಸ್ತಗೀರ ಜೀಪನ್ನು ಹೇಗೆ ಓಡಿಸಿದನೋ ದೇವರಿಗೇ ಗೊತ್ತು. ಸಾಹೇಬರೂ ಬಂದಿದ್ದರು, ಹಿಂದೆ ಇಬ್ಬರು ಫಿಟ್ಟರುಗಳು. ಗುಡ್ಡದ ಮೇಲೆ ಒಂದು ಮರವಿಲ್ಲ, ಒಂದು ಮನೆಯಿಲ್ಲ. ಗಾಳಿಯ ಸಪ್ಪಳ ಬಿಟ್ಟರೆ ಏನೂ ಇಲ್ಲ. ಇಷ್ಟು ದಿನ ಇಂಥಲ್ಲಿ ಒಬ್ಬರೇ ಹೇಗಿದ್ದರು ಎಂದು ನಾನು ಮೊದಲ ಸಲ ಯೋಚಿಸಿದ್ದು ಆಗ. ನನ್ನ ಬೇಸರವನ್ನೆಲ್ಲ ಹೇಳಿಕೊಂಡಿದ್ದೆ. ಅವರಿಗೂ ಬೇಸರ ಇದೆಯೇ ಎಂದು ಕೇಳಿದ ನೆನಪಿಲ್ಲ.

ಬಾವಿಯ ಪಂಪು ನಿಂತಿತ್ತು. ನನ್ನ ಬುತ್ತಿ ಮುಟ್ಟಿತ್ತು. ಮೆಟ್ಟಿಲ ಮೇಲಿಂದ ಬಗ್ಗಿ ನೋಡಿದರೆ ಕೆಳಗೆಲ್ಲ ಕಪ್ಪು ನೀರು. ಕೊಳವೆಯ ಜೋಡಣೆ ಬಿರಿದು, ನೀರಿನ ಹೊಡೆತಕ್ಕೆ ಓಡಾಡಲು ಹಾಸಿದ ಕಬ್ಬಿಣದ ಜಾಲರಿ ಕಳಚಿ ಬಿದ್ದು, ಅದರ ಕೆಳಗೆ ಅವರ ಕಾಲು ಸಿಕ್ಕಿತ್ತು. ಗೋಡೆಗೆ ಆತು ಕೂತಿದ್ದರು. ನೀರು ಗಂಟಲವರೆಗೆ ಬಂದು ನಿಂತಿತ್ತು. ತಲೆಯ ಮೇಲೆ, ಕೈಗೆ ನಿಲುಕದಷ್ಟು ಎತ್ತರದಲ್ಲಿ, ಆ ಸ್ಪೀಕರು. ದಸ್ತಗೀರ ಅಂಗಿ ಸಮೇತ ಧುಮುಕಿದ. ಫಿಟ್ಟರುಗಳು ಜಾಲರಿ ಎತ್ತಿ ಹಿಡಿದರು. ಮೇಲೆ ತಂದು ಮಲಗಿಸಿದಾಗ ಅವರ ತುಟಿ ನೀಲಿಯಾಗಿತ್ತು, ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿದರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ.

ಆಸ್ಪತ್ರೆಯಲ್ಲೂ ಮಾತಿಲ್ಲ. ಕಾಲು ಉಳಿಯುತ್ತದೆ ಎಂದು ಡಾಕ್ಟರು ಹೇಳಿದರು, ಅದಕ್ಕೂ ಹೂಂ ಇಲ್ಲ, ಉಹೂಂ ಇಲ್ಲ. ಈರಪ್ಪ ಬಂದು ಬಾಗಿಲಲ್ಲಿ ನಿಂತು ಹೋದ. ನೋಡಿಯೂ ಸುಮ್ಮನಿದ್ದರು. ನಾನು ಗಂಜಿ ಕುಡಿಸಿದೆ, ಕುಡಿದರು. ಅಷ್ಟು ದಿನ ಮೆತ್ತಗಿನ ಮಾತಿಗೆ ಹಾತೊರೆದವಳು ಈಗ ಒಂದು ಬೈಗುಳಕ್ಕೆ ಬಾಯಿ ಬಾಯಿ ಬಿಡತೊಡಗಿದೆ.

ತೇಪೆಯನ್ನು ಇಲಾಖೆಯವರು ಫೋನಿನಿಂದ ತೆಗೆಸಿದರು. ತೆಗೆಯುವಾಗ ನಾನೇ ಅದರ ಹೊಟ್ಟೆ ಬಗೆದು ನೋಡಿದೆ. ಅದು ನಾಲ್ಕೂ ಆಪರೇಟರುಗಳ ಮಾತನ್ನು ಒಂದೇ ಕಡೆ ಕೂಡಿಹಾಕಿಕೊಂಡು ಕಲಿತಿತ್ತು. ನಮ್ಮವರ ದನಿ ಮಾತ್ರ ನಮ್ಮವರದು. ‘ಉಂಡೇನು?’ ಎಂಬುದು ನದಿಯ ದಂಡೆಯ ಆಪರೇಟರ್ ತನ್ನ ಹೆಂಡತಿಗೆ ಕೇಳುತ್ತಿದ್ದುದು. ‘ಚಂದಂಗ ಇರೂಣು’ ಎಂಬುದು ಇನ್ಯಾರದೋ. ಯಾರದೋ ಗಂಡ ಯಾರಿಗೋ ಆಡಿದ ಮಾತು ಕೇಳಿ ನಾನು ಅಷ್ಟೆಲ್ಲ ಕರಗಿದ್ದೆ.

ಒಂದು ಮಧ್ಯಾಹ್ನ, ವಾರ್ಡಿನಲ್ಲಿ ಬೇರೆ ಯಾರೂ ಇಲ್ಲದಾಗ, ಅವರೇ ಬಾಯಿ ತೆರೆದರು.

“ಅಂವ ಏನಂತಿದ್ದ?”

“ಯಾರ್ರಿ?”

“ನಿನ್ನ ಜೋಡಿ ಮಾತಾಡಾಂವ.” ಸೂರು ನೋಡುತ್ತಲೇ ಹೇಳಿದರು. “ನನಗ ನಿನ್ನ ದನಿ ಅಷ್ಟ ಕೇಳಸ್ತಿತ್ತು. ಅಂವ ಅನ್ನೂದು ಕೇಳಸ್ತಿದ್ದಿಲ್ಲ. ನಾ ಕಾಲ ಸಿಕ್ಕೈತಿ, ಪಂಪ ನಿಲ್ಲಸ್ರಿ ಅಂತ ಒದರಾಕತ್ತಿದ್ದೆ. ನೀ ನಗಾಕತ್ತಿದ್ದಿ.”

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ನನ್ನ ಮಾತು ಅಲ್ಲಿಗೆ ಹೋಗುವ ದಾರಿ ಬದುಕಿತ್ತು. ನಾನು ಆ ಸಂಜೆ ಆಡಿದ್ದೆಲ್ಲ ಆ ಕಪ್ಪು ನೀರಿನ ಮೇಲಿನ ಸ್ಪೀಕರಿನಲ್ಲಿ ಒಂದೂ ಬಿಡದೆ ಕೇಳಿತ್ತು. ಗಾಡಿ ಕೊಟ್ಟದ್ದು, ಅಂಗಿ ಒಗೆದದ್ದು, ಇಷ್ಟು ವರ್ಷ ಸುಖ ಕಾಣಲಿಲ್ಲ ಎಂದದ್ದು, ಎಲ್ಲ.

“ಅಷ್ಟೊಂದು ನಗತಿ ಅಂತ ನನಗ ಗೊತ್ತಿದ್ದಿಲ್ಲ” ಎಂದರು. “ಆಮ್ಯಾಲೆ ನಾ ಒದರೂದು ಬಿಟ್ಟೆ. ಕೇಳ್ಕೋತ ಕುಂತೆ.”

“ನೀವು ಅಂತನ ತಿಳ್ಕೊಂಡಿದ್ದೆರಿ” ಎಂದೆ. “ಖರೇನರಿ. ನೀವ ಮಾತಾಡಾಕತ್ತೀರಿ ಅಂತನ ತಿಳ್ಕೊಂಡಿದ್ದೆ.”

ಆಗ ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ನಿಜವಾಗಿಯೂ ತಿಳಿಯದವರು ಕೇಳುವ ಹಾಗೆ ಕೇಳಿದರು.

“ನಾ ಯಾವಾಗರೆ ನಿನ್ನ ಜೋಡಿ ಹಂಗ ಮಾತಾಡೀನೇನು?”

ಹೌದು ಎನ್ನಬೇಕು ಅನಿಸಿತು. ಒಂದು ಸಲವಾದರೂ ಆಡಿರುತ್ತಾರೆ, ಮದುವೆಯ ಹೊಸದರಲ್ಲಿ, ಯಾವುದೋ ಊರಿಗೆ ಹೋದಾಗ, ನನಗೆ ಜ್ವರ ಬಂದಾಗ, ಎಂದು ವರ್ಷಗಳನ್ನೆಲ್ಲ ತಡಕಾಡಿದೆ. ಅವರೂ ಕಣ್ಣು ಮುಚ್ಚಿ ಅದನ್ನೇ ಹುಡುಕುತ್ತಿದ್ದರು ಎಂದು ಅವರ ಹುಬ್ಬು ನೋಡಿದರೆ ತಿಳಿಯುತ್ತಿತ್ತು. ನರ್ಸ್ ಬಂದು ಸಲೈನ್ ಬಾಟಲಿ ಬದಲಿಸಿ ಹೋದಳು. ನಾವಿಬ್ಬರೂ ಇನ್ನೂ ಹುಡುಕುತ್ತಲೇ ಇದ್ದೆವು.